ಹಳೇ ಜಿಪ್ಸಿಗೆ ಸ್ಪೇಸರ್ ಹಾಕಿಸುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದ ದಾರಿಗಳಲ್ಲಿ ಹಳೇ ಮಾರುತಿ ಜಿಪ್ಸಿಗಳು ಇವತ್ತಿಗೂ ದುಡಿಯುತ್ತಿವೆ. ಕಂಪನಿ ಅದನ್ನು ಮಾಡುವುದು ನಿಲ್ಲಿಸಿ ವರ್ಷಗಳಾದವು. ಇಟ್ಟುಕೊಂಡವರು ಮಾತ್ರ ಕೊಡಲು ಒಪ್ಪುವುದಿಲ್ಲ. ಅಂಥ ಗಾಡಿಗೆ ದಪ್ಪ ಟೈರ್ ಹಾಕಿಸಿದ ಮೇಲೆ ಗ್ಯಾರೇಜಿನಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, ‘ಸ್ಪೇಸರ್ ಹಾಕಿಸಿಬಿಡಿ’ ಅಂತ. ಹಾಕಿಸಬಹುದು. ಆದರೆ ಏನು, ಹೇಗೆ ಅಂತ ತಿಳಿದು ಹಾಕಿಸಬೇಕು.

ಸ್ಪೇಸರ್ ಅಂದರೆ ಚಕ್ರವನ್ನು ಹಿಡಿದು ತಿರುಗುವ ಭಾಗವಾದ ಹಬ್‌ಗೂ ರಿಮ್‌ಗೂ ನಡುವೆ ಕೂರುವ ದಪ್ಪ ಲೋಹದ ಬಿಲ್ಲೆ. ತನ್ನ ದಪ್ಪದಷ್ಟು ಚಕ್ರವನ್ನು ಹೊರಗೆ ತಳ್ಳುತ್ತದೆ. 30 ಮಿಲಿಮೀಟರಿನದನ್ನು ಎರಡೂ ಕಡೆ ಹಾಕಿದರೆ ಚಕ್ರಗಳ ನಡುವಿನ ಅಂತರ 60 ಮಿಲಿಮೀಟರ್ ಹೆಚ್ಚುತ್ತದೆ. 1985ರಲ್ಲಿ ಬಂದ ಮೊದಲ ಜಿಪ್ಸಿಯಲ್ಲಿ ಮುಂದಿನ ಚಕ್ರಗಳ ಅಂತರ ಬರೀ 1210 ಮಿಲಿಮೀಟರ್ ಇತ್ತು. ಗಾಡಿ ಎತ್ತರ, ಆದರೆ ಅಗಲ ಕಮ್ಮಿ. 1993ರಲ್ಲಿ ಕಂಪನಿಯೇ ಅದನ್ನು 1300ಕ್ಕೆ ಏರಿಸಿತು. ಹಾಗಾಗಿ ನಿಮ್ಮದು ಯಾವ ವರ್ಷದ ಗಾಡಿ ಅನ್ನುವುದು ಮೊದಲ ಪ್ರಶ್ನೆ.

ಎರಡನೆಯದು, ನಿಜಕ್ಕೂ ಬೇಕಾ? ಸ್ಟೀರಿಂಗ್ ಫುಲ್ ಕಟ್ ಮಾಡಿ ಕೆಳಗೆ ಬಗ್ಗಿ ನೋಡಿ. ಟೈರಿನ ಒಳಮಗ್ಗುಲು ಲೀಫ್ ಸ್ಪ್ರಿಂಗಿಗೆ, ಅಂದರೆ ಕಬ್ಬಿಣದ ಪಟ್ಟಿಗಳ ಸ್ಪ್ರಿಂಗಿಗೆ, ಉಜ್ಜುತ್ತಿದ್ದರೆ, ಆ ಜಾಗದಲ್ಲಿ ತುಕ್ಕೆಲ್ಲ ಹೋಗಿ ಕಬ್ಬಿಣ ಫಳಫಳ ಹೊಳೆಯುತ್ತಿರುತ್ತದೆ. ಆಗ ಸ್ಪೇಸರಿಗೆ ಅರ್ಥವಿದೆ. ಬರೀ ನೋಟಕ್ಕೆ ಅಂತಾದರೆ ಸುಮ್ನೆ ಬಿಡಿ.

ಸ್ಪೇಸರಿನಲ್ಲಿ ಎರಡು ಜಾತಿ. ಒಂದು, ಹಬ್ಬಿನ ಹಳೇ ಸ್ಟಡ್ಡುಗಳ, ಅಂದರೆ ನಟ್ ಕೂರುವ ತಿರುಪು ಮೊಳೆಗಳ ಮೇಲೆ ಸುಮ್ಮನೆ ತೂರಿಸುವ ತಟ್ಟೆ. ಇದು ನಟ್ಟಿಗೆ ಸಿಗಬೇಕಾದ ಥ್ರೆಡ್ಡನ್ನು, ಅಂದರೆ ಸ್ಟಡ್ಡಿನ ತಿರುಪು ಗೆರೆಗಳನ್ನು, ತಿಂದುಹಾಕುತ್ತದೆ. ಜಿಪ್ಸಿಯ ಸ್ಟಡ್ 12 ಮಿಲಿಮೀಟರ್ ದಪ್ಪ, ಒಂದು ಸುತ್ತಿಗೆ ನಟ್ 1.25 ಮಿಲಿಮೀಟರ್ ಒಳಗೆ ಹೋಗುತ್ತದೆ. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ಥ್ರೆಡ್ ನಟ್ಟಿನೊಳಗೆ ಸಿಗಬೇಕು. ಅಂದರೆ ಹತ್ತು ಸುತ್ತು. ನಟ್ಟನ್ನು ಕೈಯಲ್ಲೇ ತಿರುಗಿಸುತ್ತಾ ಎಣಿಸಿ. ಹತ್ತು ಬರದಿದ್ದರೆ ಆ ತಟ್ಟೆ ಬೇಡವೇ ಬೇಡ.

ಇನ್ನೊಂದು, ಬೋಲ್ಟ್ ಹಾಕುವ ಸ್ಪೇಸರ್. ಐದು ನಟ್ ಅದನ್ನು ಹಬ್ಬಿಗೆ ಹಿಡಿಯುತ್ತವೆ, ಅದರದೇ ಐದು ಸ್ಟಡ್ ರಿಮ್ಮನ್ನು ಹಿಡಿಯುತ್ತವೆ. ನನ್ನ ಮಾತು ಕೇಳುವುದಾದರೆ ಇದನ್ನೇ ತಗೊಳ್ಳಿ. ಐದು ತೂತುಗಳ ವೃತ್ತದ ವ್ಯಾಸ 139.7 ಮಿಲಿಮೀಟರ್ ಇರಬೇಕು. ಹಳೇ ಜೀಪಿನದೂ ಅದೇ ಅಳತೆ, ಆದರೆ ಸ್ಟಡ್ ಬೇರೆ. ಅಂಗಡಿಯವರು ‘ಎಲ್ಲಾ ಒಂದೇ ಸಾರ್’ ಅಂದರೆ ನಂಬಬೇಡಿ. ಸ್ಪೇಸರ್ ಕೂರಿಸಿದ ಮೇಲೆ ಒಂದು ಸ್ಕೇಲನ್ನು ಅಡ್ಡ ಇಟ್ಟು ನೋಡಿ. ಹಳೇ ಸ್ಟಡ್ಡಿನ ತುದಿ ಹೊರಗೆ ಚಾಚಿದ್ದರೆ ಕಬ್ಬಿಣದ ರಿಮ್ ಸರಿಯಾಗಿ ಕೂರುವುದೇ ಇಲ್ಲ.

ಈಗ ಮುಖ್ಯ ವಿಷಯ. ಚಕ್ರದ ಭಾರವನ್ನೆಲ್ಲ ಸ್ಟಡ್ಡೇ ಹೊತ್ತಿದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಟ್ ಬಿಗಿದಾಗ ಲೋಹದ ಎರಡು ಮುಖಗಳು ಒಂದನ್ನೊಂದು ಅಮುಕಿ ಹಿಡಿಯುತ್ತವೆ. ಚಕ್ರ ಜಾರದೆ ನಿಲ್ಲುವುದು ಆ ಹಿಡಿತದಿಂದ. ಮಧ್ಯೆ ತುಕ್ಕೋ ಪೇಂಟೋ ಒಣಗಿದ ಕೆಸರೋ ಇದ್ದರೆ, ಓಡಾಡುತ್ತಾ ಅದು ಪುಡಿಯಾಗಿ ಉದುರುತ್ತದೆ. ನಟ್ ಸಡಿಲವಾಗುತ್ತದೆ. ಆಮೇಲೆ ಸ್ಟಡ್ ಅತ್ತಿತ್ತ ಬಾಗಿ ಬಾಗಿ, ತಂತಿಯನ್ನು ಬಗ್ಗಿಸಿ ಮುರಿದ ಹಾಗೆ ತುಂಡಾಗುತ್ತದೆ. ಅದಕ್ಕೇ ವೈರ್ ಬ್ರಶ್ ಹಿಡಿದು ಹಬ್ಬಿನ ಮುಖ ಬೆಳ್ಳಗಾಗುವವರೆಗೆ ಉಜ್ಜಿಸಿ. ಪಕ್ಕದಲ್ಲೇ ನಿಂತು ಉಜ್ಜಿಸಿ.

ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ, ನಕ್ಷತ್ರದ ಆಕಾರದಲ್ಲಿ ಬಿಗಿಯಬೇಕು. ಗಾಳಿ ಗನ್ ಬೇಡ, ಎಷ್ಟು ಬಿಗಿಯಾಯಿತು ಅಂತ ತಿಳಿಸುವ ಟಾರ್ಕ್ ರೆಂಚ್ ಇರಲಿ. ಈ ಗಾಡಿಯ ಚಕ್ರದ ನಟ್ಟಿಗೆ 50ರಿಂದ 80 ನ್ಯೂಟನ್ ಮೀಟರ್ ಬಿಗಿ ಸಾಕು. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಚಕ್ರ ಬಿಚ್ಚಿ, ಸ್ಪೇಸರನ್ನು ಹಬ್ಬಿಗೆ ಹಿಡಿದ ಒಳಗಿನ ಐದು ನಟ್ಟುಗಳನ್ನೂ ಮತ್ತೆ ನೋಡಬೇಕು. ಅವು ಹೊರಗೆ ಕಾಣುವುದಿಲ್ಲ, ಅಲ್ವಾ? ಅಪಾಯ ಇರುವುದೂ ಅಲ್ಲೇ.

ಚಕ್ರ ಹೊರಗೆ ಹೋದಷ್ಟೂ ಬೇರಿಂಗಿನ ಮೇಲೆ ಹೊರೆ ಜಾಸ್ತಿ, ಕಲ್ಲು ತಗುಲಿದಾಗ ಸ್ಟೀರಿಂಗ್ ಕೈಗೆ ಹೊಡೆಯುವುದೂ ಜಾಸ್ತಿ. ಹಳೇ ಗಾಡಿಗೆ 30ಕ್ಕಿಂತ ದಪ್ಪನೆಯದು ಬೇಡ ಅಂತಲೇ ನಾನು ಹೇಳುತ್ತೇನೆ. ಒಂದರ ಮೇಲೊಂದು ಎರಡು ಸ್ಪೇಸರ್ ಅಂತೂ ಕೂಡದೇ ಕೂಡದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮಿತಿ ಹಾಕಿದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಊರ ರಸ್ತೆಗೆ ಇಳಿಸುವ ಗಾಡಿಯಾದರೆ ಮೊದಲು ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್‌ನವರಲ್ಲೂ ವಿಚಾರಿಸಿಕೊಳ್ಳಿ.

ಸ್ಪೇಸರ್ ಕೊಳ್ಳುವ ಮುಂಚೆ ಇನ್ನೊಂದು ಕೆಲಸ ಮಾಡಿ. ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿ, ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಕಟಕಟ ಅಂದರೆ ಮೊದಲು ಬೇರಿಂಗ್ ಸರಿಮಾಡಿಸಿ. ನಮಸ್ಕಾರ.