ಉಪ್ಪಾಗೆ ಹಣ್ಣಾಗುವವರೆಗೆ

ಆಷಾಢದ ಮಳೆ ಎಡೆಬಿಡದೆ ಹೊಯ್ಯುತ್ತಿರುವ ಈ ಬೆಳಗಿನಲ್ಲಿ ನಾನು ಶಿರಸಿಯಿಂದ ಹೊರಟು, ಸಿದ್ದಾಪುರ ತಾಲ್ಲೂಕಿನ ಘಟ್ಟದಂಚಿನಲ್ಲಿರುವ ಒಂದು ಚಿಕ್ಕ ಊರಿಗೆ ಬಂದಿದ್ದೇನೆ. ನೀವೀಗ ನೋಡುತ್ತಿರುವುದು ಉಪ್ಪಾಗೆ ಮರ. ಕೊಂಬೆಯ ತುದಿಯಲ್ಲಿ ತೂಗುತ್ತಿರುವ ಕಾಯಿಗಳು ಪುಟ್ಟ ಕುಂಬಳಕಾಯಿಯ ಹಾಗೆ ಉದ್ದುದ್ದ ಗೆರೆ ಬಿದ್ದಿವೆ. ಹಸಿರಾಗಿರುವವು ಇನ್ನೂ ಬಲಿಯಬೇಕು. ಹಳದಿಗೆ ತಿರುಗಿದವು ಮಾತ್ರ ಹಣ್ಣು.

ಕಂಬಳಿಕೊಪ್ಪೆ ಹೊದ್ದು ನನ್ನ ಮುಂದೆ ನಡೆಯುತ್ತಿರುವ ಈ ಊರಿನ ಅಮ್ಮನವರೊಬ್ಬರು ಮರದ ಬುಡದಲ್ಲಿ ಉದುರಿದ ಹಣ್ಣನ್ನು ಮೊದಲು ಆರಿಸುತ್ತಾರೆ. ಆಮೇಲೆ ದೋಟಿಯ ಕೊಕ್ಕೆಯಿಂದ ಕೈಗೆಟುಕುವ ಕೊಂಬೆಯನ್ನು ಮೆಲ್ಲಗೆ ಅಲುಗಿಸುತ್ತಾರೆ. ಹಾಗೆ ಅಲುಗಿಸಿದಾಗ ಬೀಳದ ಕಾಯಿಯನ್ನು ಅವರು ಎಳೆಯುವುದಿಲ್ಲ. ಮೇಲಿನ ತುದಿಯ ಹಣ್ಣುಗಳತ್ತ ನಾನು ಕೈ ತೋರಿಸಿದಾಗ, ಅವು ಸಿಂಗಳೀಕದ ಪಾಲು ಎಂದರು. ಉಂಚಳ್ಳಿ ಜಲಪಾತದ ಆಸುಪಾಸಿನ ಈ ಕಾಡುಗಳಲ್ಲಿ ಸಿಂಗಳೀಕಗಳು ಮಳೆಗಾಲದಲ್ಲಿ ಉಪ್ಪಾಗೆಯನ್ನೂ ನೆಚ್ಚಿಕೊಂಡಿರುತ್ತವೆ.

ಮನೆಯ ಜಗುಲಿಯಲ್ಲಿ ಹಣ್ಣು ಸೀಳಿ, ಹೆಬ್ಬೆರಳಿನಿಂದ ಒಳಗಿನ ಬೀಜವನ್ನು ತೊಳೆಯ ಸಮೇತ ಕೆರೆದು ತೆಗೆಯುತ್ತಾರೆ. ಬೀಜದಿಂದ ಗಟ್ಟಿಯಾದ ತುಪ್ಪ ಬರುತ್ತದೆ. ಹಿಂದೆ ಅದು ಅಡುಗೆಗೂ ಒಡೆದ ಹಿಮ್ಮಡಿಗೂ ಆಗುತ್ತಿತ್ತು. ಸಿಪ್ಪೆಯನ್ನು ಮಾತ್ರ ಒಲೆಯ ಮೇಲೆ ಕಟ್ಟಿದ ಬಿದಿರು ತಟ್ಟಿಯಲ್ಲಿ ಹರವುತ್ತಾರೆ. ಇದರ ಬಂಧುವಾದ ಮುರುಗಲು ಬೇಸಿಗೆಯ ಕೊನೆಯಲ್ಲಿ ಹಣ್ಣಾಗುವುದರಿಂದ ಬಿಸಿಲಿನಲ್ಲೇ ಒಣಗುತ್ತದೆ, ಆದರೆ ಉಪ್ಪಾಗೆ ಜಡಿಮಳೆಯಲ್ಲಿ ಹಣ್ಣಾಗುವುದರಿಂದ ಅದಕ್ಕೆ ಬೆಂಕಿಯೇ ಬೇಕು, ಬೆಂಕಿಗೆ ಕಟ್ಟಿಗೆ ಬೇಕು, ಕಟ್ಟಿಗೆ ಅದೇ ಕಾಡಿನಿಂದ ಬರಬೇಕು. ಹಣ್ಣನ್ನು ಎಷ್ಟೇ ಜೋಪಾನವಾಗಿ ಕೊಯ್ದರೂ ಒಲೆ ಸುಧಾರಿಸದಿದ್ದರೆ ಕಾಡಿನ ಮೇಲಿನ ಹೊರೆ ಇಳಿಯುವುದಿಲ್ಲ. ಈ ಮನೆಯಲ್ಲಿ ಉರಿಯನ್ನು ಮಣ್ಣಿನ ಗೋಡೆಯೊಳಗೆ ಹಿಡಿದಿಟ್ಟು, ಒಂದೇ ಒಲೆಯ ಮೇಲೆ ಮೂರು ತಟ್ಟಿಗಳನ್ನು ಏರಿಸಿದ್ದಾರೆ.

ಕೇರಳದವರು ಮೀನಿನ ಸಾರಿಗೆ ಹಾಕುವ ಕುಡಂಪುಳಿ ಎಂದರೆ ಇದೇ ಸಿಪ್ಪೆ. 1990ರ ದಶಕದಲ್ಲಿ, ಇದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರದಿಂದ ಹೊರದೇಶಗಳಲ್ಲಿ ಬೇಡಿಕೆ ಹುಟ್ಟಿ, ನಮ್ಮ ಊರುಗಳಲ್ಲಿ ಬೆಲೆ ಒಮ್ಮೆಲೇ ಏರಿತು. ಆಗ ನಾನು ಶಾಲೆಗೆ ಹೋಗುತ್ತಿದ್ದೆ. ನಮ್ಮೂರಿಗೆ ಬರುತ್ತಿದ್ದ ವ್ಯಾಪಾರಿ ಹಸಿರು, ಹಳದಿ ಎಂದು ನೋಡದೆ ತೂಕಕ್ಕೆ ಕೊಳ್ಳುತ್ತಿದ್ದರು. ಬೆಟ್ಟದಲ್ಲಿದ್ದ ಒಂದು ದೊಡ್ಡ ಮರವನ್ನು ನಾವು ನಾಲ್ಕು ಮಕ್ಕಳು ಸೇರಿ, ಬೇರೆಯವರು ಬರುವ ಮೊದಲೇ ಕೊಯ್ಯಬೇಕೆಂದು ಕೊಂಬೆಗಳನ್ನೇ ಕಡಿದು ಕೆಡವಿದೆವು. ಮರುವರ್ಷ ಆ ಮರದಲ್ಲಿ ಒಂದು ಕಾಯಿಯೂ ಕಾಣಲಿಲ್ಲ. ಇಂದಿಗೂ ಆ ದಾರಿಯಲ್ಲಿ ಹೋಗುವಾಗ ನನ್ನ ಕಣ್ಣು ಮೊದಲು ಆ ಬೋಳು ಗಾಯಗಳನ್ನೇ ಹುಡುಕುತ್ತದೆ.

ನಮಗೆ ಹಣ್ಣು ಯಾವುದು, ಕಾಯಿ ಯಾವುದು ಎಂದು ತಿಳಿಯದೆ ಹಾಗೆ ಮಾಡಿದ್ದಲ್ಲ. ಇವತ್ತು ಬಿಟ್ಟರೆ ನಾಳೆ ಇನ್ನೊಬ್ಬರ ಪಾಲಾಗುತ್ತದೆ ಎಂಬ ಭಯವೇ ನಮ್ಮ ಕೈಯಲ್ಲಿ ಕತ್ತಿ ಹಿಡಿಸಿತ್ತು. ಉಪ್ಪಾಗೆಯಂಥ ಕಿರುಅರಣ್ಯ ಉತ್ಪನ್ನಗಳ ಸಂಗ್ರಹವನ್ನು ಟೆಂಡರಿನ ಮೂಲಕ ಗುತ್ತಿಗೆಗೆ ಕೊಡುವ ಕ್ರಮದಲ್ಲೂ ನನಗೆ ಕಾಣುವುದು ಇದೇ ದೋಷ: ಗುತ್ತಿಗೆಯ ಅವಧಿ ಮುಗಿದ ಮೇಲೆ ಮರ ಏನಾಯಿತು ಎಂಬುದು ಗುತ್ತಿಗೆದಾರರ ಲೆಕ್ಕಕ್ಕೆ ಬರುವುದಿಲ್ಲ, ಸಂಗ್ರಹಿಸುವವರಿಗೆ ಮುಂದಿನ ವರ್ಷದ ಭರವಸೆ ಇರುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಇಂಥ ಉತ್ಪನ್ನಗಳ ಒಡೆತನವನ್ನೇ ಅರಣ್ಯವಾಸಿಗಳಿಗೆ ಕೊಡುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನೆಚ್ಚಿ ಬಾಳಿದ್ದನ್ನು ಸಾಬೀತುಪಡಿಸಬೇಕು. ಕಾಗದಪತ್ರ ಇಟ್ಟುಕೊಳ್ಳುವ ರೂಢಿಯೇ ಇಲ್ಲದ ಮನೆಗಳಿಗೆ ಇದು ಎಷ್ಟು ಭಾರವೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಈ ಊರಿನವರು ತಮ್ಮೊಳಗೇ ಒಂದು ಕಟ್ಟು ಮಾಡಿಕೊಂಡಿದ್ದಾರೆ. ಎಲ್ಲರೂ ಕೂತು ದಿನ ಗೊತ್ತುಮಾಡುವವರೆಗೆ ಯಾರೂ ದೋಟಿ ಹಿಡಿಯುವಂತಿಲ್ಲ, ಕತ್ತಿಯನ್ನಂತೂ ಮರದ ಹತ್ತಿರ ತರುವಂತೆಯೇ ಇಲ್ಲ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆಯಾದ್ದರಿಂದ, ಕಾಯಿ ಬಿಡದ ಮರವನ್ನು ಗೊಡ್ಡೆಂದು ಕಡಿಯುವುದಕ್ಕೂ ನಿಷೇಧವಿದೆ. ಬೀಜ ಮೊಳೆಯಲು ತಿಂಗಳುಗಟ್ಟಲೆ ಬೇಕು, ಸಸಿ ಫಲಕ್ಕೆ ಬರಲು ವರ್ಷಗಳೇ ಬೇಕು. ಆದ್ದರಿಂದ ಪ್ರತಿ ಬುಟ್ಟಿಯಿಂದ ಒಂದು ಬೊಗಸೆ ಬೀಜ ಮರಳಿ ಕಾಡಿಗೆ ಹೋಗುತ್ತದೆ.

ಈಗ ಸಂಜೆಯಾಗಿದೆ. ಬೆಳಿಗ್ಗೆ ಹಳದಿಯಾಗಿದ್ದ ಸಿಪ್ಪೆ ಹೊಗೆಯಲ್ಲಿ ಕಂದುಬಣ್ಣಕ್ಕೆ ತಿರುಗಿದೆ. ಅಮ್ಮನವರು ಒಂದು ಎಸಳನ್ನು ಬಗ್ಗಿಸಿ ನೋಡಿ, ಇನ್ನೂ ಹಸಿ ಇದೆ ಎಂದು ತಟ್ಟಿಗೆ ಮರಳಿ ಇಟ್ಟು, ಕೆಳಗಿನ ತಟ್ಟಿಯನ್ನು ಮೇಲಕ್ಕೆ ಏರಿಸುತ್ತಿದ್ದಾರೆ.