ಗಾಲ್ಫ್ ಬ್ಯಾಗಿನಲ್ಲಿ ಏನಿರಬೇಕು? ನಂಬರ್ ಬಿಡಿ, ಡಿಗ್ರಿ ಕೇಳಿ

ನಮಸ್ಕಾರ. ಮುಂಬಯಿಯಲ್ಲಿ ‘ಗಾಲ್ಫ್ ಕ್ಲಬ್’ ಅಂದ ಕೂಡಲೇ ಮೆಂಬರ್‌ಶಿಪ್ಪು, ಗೇಟು, ವಾಚ್‌ಮನ್ನು ಕಣ್ಣ ಮುಂದೆ ಬರುತ್ತೆ. ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿಯಂಥ ಕಡೆ ಅದು ನಿಜವೂ ಹೌದು. ಆದ್ರೆ ಡೊಂಬಿವಲಿ, ವಾಶಿ, ಪನ್ವೇಲ್ ಕಡೆಯ ನಮ್ಮ ಕನ್ನಡಿಗರಿಗೆ ಸರ್ಕಾರಿ ಸಂಸ್ಥೆ ಸಿಡ್ಕೋ ಕಟ್ಟಿಸಿದ ಖಾರ್ಘರ್ ವ್ಯಾಲಿ ಕೋರ್ಸ್ ಇದೆ, ಮೆಂಬರ್ ಆಗದೆಯೂ ದುಡ್ಡು ಕೊಟ್ಟು ಆಡಬಹುದು. ಇವತ್ತಿನ ಮಾತು ಇನ್ನೊಂದು ಕ್ಲಬ್ಬಿನದು, ಕೈಯಲ್ಲಿ ಹಿಡಿದು ಚೆಂಡು ಹೊಡೆಯೋ ದಾಂಡು.

ಬ್ಯಾಗಿನಲ್ಲಿ ಹೆಚ್ಚೆಂದರೆ 14 ಕ್ಲಬ್ ಇಟ್ಟುಕೊಳ್ಳಬಹುದು. ಅಮೆರಿಕದಲ್ಲಿ ಈ ಮಿತಿ ಬಂದದ್ದು 1938ರಲ್ಲಿ. ಹದಿನೈದನೆಯದು ಸಿಕ್ಕಿಬಿದ್ದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸೋ ಆಟ) ಒಂದೊಂದು ಹೋಲ್‌ಗೂ (ಗುಳಿ) 2 ಸ್ಟ್ರೋಕ್, ಅಂದ್ರೆ 2 ಹೊಡೆತ, ದಂಡ, ಒಂದು ರೌಂಡಿಗೆ 4ರ ತನಕ. ಆದರೆ 14 ಇರಲೇಬೇಕು ಅಂತ ಯಾವ ನಿಯಮವೂ ಇಲ್ಲ. ಅಂಗಡಿಯವರು ಇದನ್ನ ತಾವಾಗಿ ಹೇಳೋದಿಲ್ಲ ಬಿಡಿ. ಹೊಸಬರಿಗೆ 7 ಸಾಕು.

ಯಾವ 7 ಅಂತ ಹೇಳೋಕೆ ಮುಂಚೆ ಒಂದು ಪದ: ಲಾಫ್ಟ್. ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ಬಾಗಿದೆ ಅನ್ನೋ ಕೋನ. ಕೋನ ಕಡಿಮೆ ಇದ್ದರೆ ಚೆಂಡು ತಗ್ಗಾಗಿ, ದೂರ ಹೋಗುತ್ತೆ. ಹೆಚ್ಚಿದ್ದರೆ ಎತ್ತರಕ್ಕೆ ಹೋಗಿ ಹತ್ತಿರದಲ್ಲೇ ಬಿದ್ದು ಬೇಗ ನಿಲ್ಲುತ್ತೆ. ಡ್ರೈವರ್, ವುಡ್, ಹೈಬ್ರಿಡ್, ಐರನ್, ವೆಡ್ಜ್, ಪಟರ್ ಅಂತ ಹೆಸರು ಎಷ್ಟೇ ಇದ್ದರೂ ಒಳಗಿನ ಲೆಕ್ಕ ಈ ಡಿಗ್ರಿಯದೇ.

ಎಲ್ಲರ ಕಣ್ಣೂ ಮೊದಲು ಬೀಳೋದು ಮೊದಲ ದೂರದ ಹೊಡೆತಕ್ಕೆ ಬಳಸೋ ಡ್ರೈವರ್ ಮೇಲೆ. ದೊಡ್ಡ ತಲೆ, ನಿಯಮದ ಪ್ರಕಾರ 460 ಸಿಸಿ ತನಕ. ಶಾಫ್ಟ್, ಅಂದ್ರೆ ಕೋಲು, ಸುಮಾರು 45 ಇಂಚು. ಲಾಫ್ಟ್ ಸಾಮಾನ್ಯವಾಗಿ 9ರಿಂದ 12. ಹೊಸಬರಿಗೆ ಅತಿ ಹೆಚ್ಚು ಕಾಟ ಕೊಡೋದೂ ಇದೇ, ಅದಕ್ಕೆ ಕಾರಣ ಎರಡು. ಕೋಲು ಉದ್ದವಾದಷ್ಟೂ ಕೈಯ ಸಣ್ಣ ತಪ್ಪು ತುದಿಯಲ್ಲಿ ದೊಡ್ಡದಾಗುತ್ತೆ. ಇನ್ನೊಂದು, ಚೆಂಡು ತಿರುಗೋ ಅಕ್ಷ. ಮುಖ ಸ್ವಲ್ಪ ಬಲಕ್ಕೆ ತೆರೆದುಕೊಂಡು ಬಡಿದರೆ ಆ ಅಕ್ಷ ವಾಲುತ್ತೆ, ಚೆಂಡು ಬಲಕ್ಕೆ ಬಾಗುತ್ತೆ. ಬಲಗೈಯವರ ಸ್ಲೈಸ್ ಅಂದ್ರೆ ಇದೇ. ಲಾಫ್ಟ್ ಕಡಿಮೆ ಇದ್ದಷ್ಟೂ ಅದೇ ತಪ್ಪಿಗೆ ಅಕ್ಷ ಹೆಚ್ಚು ವಾಲುತ್ತೆ. ಹಾಗಾಗಿ 9 ಡಿಗ್ರಿ ಡ್ರೈವರ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. 10.5 ಅಥವಾ 12 ತಗೊಳ್ಳಿ. ಟೀ (ನೆಲಕ್ಕೆ ಚುಚ್ಚೋ ಸಣ್ಣ ಗೂಟ) ಮೇಲೆ ಇಟ್ಟಾಗ ಅರ್ಧ ಚೆಂಡು ಡ್ರೈವರ್ ನೆತ್ತಿಗಿಂತ ಮೇಲೆ ಕಾಣಬೇಕು. ಚೆಂಡಿನ ಜಾಗ ಮುಂದಿನ ಪಾದದ (ಬಲಗೈಯವರಿಗೆ ಎಡಪಾದ) ಹಿಮ್ಮಡಿಯ ನೇರಕ್ಕೆ.

ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಮೇಲೆ ಬಳಸೋ ವುಡ್‌ನಲ್ಲಿ 3 ನಂಬರ್ ಸುಮಾರು 15 ಡಿಗ್ರಿ, 5 ನಂಬರ್ 18. ಹೆಸರಿಗಷ್ಟೇ ವುಡ್, ಈಗ ಎಲ್ಲ ಲೋಹ. ಹುಲ್ಲಿನ ಮೇಲಿಂದ 3 ವುಡ್ ಎಬ್ಬಿಸೋದು ಹೊಸಬರಿಗೆ ಕಷ್ಟ, 5 ಸಾಕು.

ಹೈಬ್ರಿಡ್ ಬಗ್ಗೆ ಸ್ವಲ್ಪ ನಿಲ್ಲೋಣ. ಹೆಚ್ಚುಕಡಿಮೆ ಐರನ್ನಿನಷ್ಟು (ತೆಳು ಲೋಹದ ತಲೆಯ ಕ್ಲಬ್) ಗಿಡ್ಡ, ವುಡ್‌ನ ಹಾಗೆ ಹಿಂಬದಿ ಉಬ್ಬಿದ ತಲೆ. ತೂಕ ಕೆಳಗೆ, ಹಿಂದಕ್ಕೆ ಕೂತಿರೋದರಿಂದ ಚೆಂಡು ಸುಲಭವಾಗಿ ಏಳುತ್ತೆ. ಜುಲೈ ಮಳೆಯಲ್ಲಿ ರಫ್‌ನ (ದಾರಿಯ ಅಂಚಿನ ಉದ್ದ ಹುಲ್ಲಿನ ಜಾಗ) ಹುಲ್ಲು ದಪ್ಪಗೆ ಬೆಳೆದಾಗ 3, 4 ನಂಬರಿನ ಉದ್ದದ ಐರನ್ ಹುಲ್ಲಿಗೆ ಸಿಕ್ಕಿ ತಿರುಚಿಕೊಳ್ಳುತ್ತೆ, ಹೈಬ್ರಿಡ್ ಜಾರಿಕೊಂಡು ದಾಟುತ್ತೆ. 3 ಐರನ್, 4 ಐರನ್ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.

ಈಗ ಐರನ್. ಕ್ಯಾಡಿ (ಬ್ಯಾಗ್ ಹೊರುವವ) ‘ಸಾತ್ ನಂಬರ್’ ಅಂದರೆ 7 ಐರನ್. ಕಲಿಯೋಕೆ ಇದಕ್ಕಿಂತ ಒಳ್ಳೆಯ ಕ್ಲಬ್ ಇಲ್ಲ. ಸುಮಾರು 37 ಇಂಚು. ಹೊಸಬರಿಗೆ 100ರಿಂದ 130 ಗಜ ಹೋದರೆ ಸಾಕು. ನಂಬರ್ ಒಂದು ಹೆಚ್ಚಾದರೆ ಉದ್ದ ಸುಮಾರು ಅರ್ಧ ಇಂಚು ಕಡಿಮೆ, ಲಾಫ್ಟ್ ಸುಮಾರು 4 ಡಿಗ್ರಿ ಹೆಚ್ಚಾಗುತ್ತೆ. ಆದರೆ ಇಲ್ಲೊಂದು ಮೋಸ ಇದೆ. ಹಿಂದೆ 7 ಐರನ್ ಅಂದರೆ 34, 35 ಡಿಗ್ರಿ. ಈಗ ‘ನಮ್ಮದು ದೂರ ಹೋಗುತ್ತೆ’ ಅಂತ ತೋರಿಸೋಕೆ 28, 30 ಮಾಡಿ ಅದೇ 7 ಅಂತ ಮುದ್ರೆ ಒತ್ತುತ್ತಾರೆ. ಅಂದರೆ ಹಳೆಯ 6 ಐರನ್ನಿಗೆ ಹೊಸ ಹೆಸರು. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಸೆಟ್ಟಿನ ಐರನ್ ಬೆರೆಸಿದರೆ ಎರಡು ಕ್ಲಬ್ ಒಂದೇ ದೂರ ಹೊಡೆಯೋದು ಇದರಿಂದಲೇ.

ಐರನ್ನಿನ ಹಿಂಬದಿ ನೋಡಿ. ಚಪ್ಪಟೆಯಾಗಿದ್ದರೆ ಬ್ಲೇಡ್, ಬಟ್ಟಲಿನ ಹಾಗೆ ಕೊರೆದಿದ್ದರೆ ಕ್ಯಾವಿಟಿ ಬ್ಯಾಕ್. ಕೊರೆದ ತೂಕವನ್ನ ಅಂಚಿಗೆ ಹಂಚಿರ್ತಾರೆ, ಅದರಿಂದ ನಡುವಿಗೆ ತಾಗದಿದ್ದರೂ ತಲೆ ಅಷ್ಟಾಗಿ ತಿರುಗೋದಿಲ್ಲ. ಕಣ್ಣು ಮುಚ್ಚಿ ಕ್ಯಾವಿಟಿ ಬ್ಯಾಕ್ ತಗೊಳ್ಳಿ. ಚೆಂಡು ನೆಲದಲ್ಲೇ ಉರುಳಿ ಹೋಗ್ತಿದ್ದರೆ ನೀವು ಅದನ್ನ ಕೈಯಿಂದ ಎತ್ತೋಕೆ ನೋಡ್ತಿದ್ದೀರಿ ಅಂತ ಅರ್ಥ. ಎತ್ತೋ ಕೆಲಸ ಲಾಫ್ಟಿನದು. ಮೊದಲು ಚೆಂಡು, ಆಮೇಲೆ ನೆಲ, ಆ ಕ್ರಮದಲ್ಲಿ ಕೆಳಮುಖವಾಗಿ ಬಡಿಯಿರಿ.

ವೆಡ್ಜ್‌ಗಳೂ ಐರನ್ನಿನ ಕುಲವೇ. ಪಿಚಿಂಗ್ ವೆಡ್ಜ್ 44ರಿಂದ 48 ಡಿಗ್ರಿ, ಸ್ಯಾಂಡ್ ವೆಡ್ಜ್ 54ರಿಂದ 56, ಲಾಬ್ ವೆಡ್ಜ್ 58ರಿಂದ 60. ಲಾಬ್ ವೆಡ್ಜ್ ಸದ್ಯಕ್ಕೆ ಬೇಡ. ಸ್ಯಾಂಡ್ ವೆಡ್ಜ್ ತಳದ ಹಿಂಬದಿ ಮುಂದಿನ ಅಂಚಿಗಿಂತ ಕೆಳಗಿರುತ್ತೆ, ಅದಕ್ಕೆ ಬೌನ್ಸ್ ಅಂತಾರೆ. ಮರಳಿನಲ್ಲಿ ಗುದ್ದಲಿಯ ಹಾಗೆ ಅಗೆಯದೆ ದೋಣಿಯ ತಳದ ಹಾಗೆ ಜಾರೋಕೆ ಈ ಏರ್ಪಾಡು. ಬಂಕರ್‌ನಲ್ಲಿ (ಮರಳಿನ ಗುಂಡಿ) ಚೆಂಡಿಗೆ ಎರಡು ಇಂಚು ಹಿಂದೆ ಮರಳಿಗೆ ಹೊಡೆದರೆ ಮರಳೇ ಚೆಂಡನ್ನ ಹೊತ್ತು ಹೊರಗೆ ಹಾಕುತ್ತೆ. ಮಳೆಗಾಲದ ಮೆತ್ತಗಿನ ನೆಲಕ್ಕೆ 10 ಡಿಗ್ರಿಗಿಂತ ಹೆಚ್ಚು ಬೌನ್ಸ್ ಒಳ್ಳೇದು. ಮೇ ತಿಂಗಳ ಗಟ್ಟಿ ನೆಲದಲ್ಲಿ ಅದೇ ಕ್ಲಬ್ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯಬಹುದು. ವರ್ಷವಿಡೀ ಒಂದೇ ಸಾಕು ಅನ್ನೋರು 8ರಿಂದ 10ರ ನಡುವಿನದು ಹುಡುಕಿ.

ಕೊನೆಗೆ ಚೆಂಡನ್ನ ಗುಳಿಗೆ ಉರುಳಿಸೋ ಪಟರ್‌ಗೂ 3, 4 ಡಿಗ್ರಿ ಲಾಫ್ಟ್ ಇದೆ. ಚೆಂಡು ಹುಲ್ಲಿನಲ್ಲಿ ಕೂದಲೆಳೆಯಷ್ಟು ತಗ್ಗಿ ಕೂತಿರುತ್ತೆ, ಅದನ್ನ ಎಬ್ಬಿಸಿ ಉರುಳಿಸೋಕೆ ಅಷ್ಟು ಬೇಕು. ಪಾರ್ 72, ಅಂದ್ರೆ 18 ಹೋಲ್‌ಗೆ 72 ಹೊಡೆತದ ಲೆಕ್ಕದಲ್ಲಿ, ಹೋಲ್‌ಗೆ ಎರಡರಂತೆ 36 ಸ್ಟ್ರೋಕ್ ಪಟರ್‌ದೇ. ಆದರೂ ಡ್ರೈವರ್‌ಗೆ ಕೊಡೋ ದುಡ್ಡಿನ ಕಾಲು ಭಾಗ ಇದಕ್ಕೆ ಕೊಡೋಕೆ ಜನ ಹಿಂದೆಮುಂದೆ ನೋಡ್ತಾರೆ!

ಹಾಗಾದರೆ ಆ ಏಳು: 12 ಡಿಗ್ರಿ ಡ್ರೈವರ್ ಅಥವಾ 5 ವುಡ್, 5 ಹೈಬ್ರಿಡ್, 7 ಮತ್ತು 9 ಐರನ್, ಪಿಚಿಂಗ್ ವೆಡ್ಜ್, 56 ಡಿಗ್ರಿ ಸ್ಯಾಂಡ್ ವೆಡ್ಜ್, ಪಟರ್. ಹಳೆಯದು ಕೊಳ್ಳೋವಾಗ ಶಾಫ್ಟನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಬಾಗಿದೆಯಾ ನೋಡಿ. ತಲೆ ಸೇರೋ ಜಾಗದಲ್ಲಿ ಬಿರುಕು, ಕಡಕಡ ಸದ್ದು ಇದ್ದರೆ ವಾಪಸ್ ಕೊಡಿ. ಮುಖದ ಗೆರೆಗಳಿಗೆ ಉಗುರು ಸಿಗಬೇಕು. ಗ್ರಿಪ್ ಹಳೆಯದಾಗಿದ್ದರೆ ಚಿಂತೆ ಇಲ್ಲ, ಬದಲಾಯಿಸಬಹುದು.

ನಮ್ಮ ಕಡಲ ಗಾಳಿಗೆ ಸ್ಟೀಲ್ ಶಾಫ್ಟ್ ಬೇಗ ತುಕ್ಕು ಹಿಡಿಯುತ್ತೆ. ಒದ್ದೆ ಹೆಡ್‌ಕವರ್ ಹಾಕಿಟ್ಟು ಮರೀಬೇಡಿ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ತಲೆ ಅಂಟಿಸಿದ ಗೋಂದು ಸಡಿಲವಾಗುತ್ತೆ. ಬೆವರಿಗೆ ಗ್ರಿಪ್ ಜಾರೋಕೆ ಶುರುವಾದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು, ಹಳೆಯ ಟೂತ್‌ಬ್ರಷ್ ಸಾಕು.

ರೇಂಜ್‌ನಲ್ಲಿ (ಅಭ್ಯಾಸದ ಜಾಗ) 50 ಚೆಂಡಿನ ಬುಟ್ಟಿ ಸಿಕ್ಕಿತು ಅಂದ್ಕೊಳ್ಳಿ. ಪಿಚಿಂಗ್ ವೆಡ್ಜ್‌ಗೆ 15, 7 ಐರನ್ನಿಗೆ 20, ಹೈಬ್ರಿಡ್‌ಗೆ 10. ಉಳಿದ ಐದು ಡ್ರೈವರ್‌ಗೆ, ಅದೂ ಕೊನೆಗೆ.