ಬೇಲೂರು ತೇರು: ಎಲ್ಲಿ ನಿಲ್ಲಬೇಕು, ಯಾವಾಗ ಕ್ಲಿಕ್ ಮಾಡಬೇಕು

ನಮಸ್ಕಾರ. ಈಗ ನೋಡ್ತಿರೋದು ಬೇಲೂರಿನ ಚೆನ್ನಕೇಶವಸ್ವಾಮಿ ತೇರು. ಯುಗಾದಿ ಕಳೆದ ಮೇಲೆ, ಚೈತ್ರದಲ್ಲಿ ನಡೆಯುತ್ತೆ. ಮೊದಲ ದಿನ ಗಳಿಗೆ ತೇರು, ಮರುದಿನ ನಾಡ ತೇರು. ಹಾಸನದಿಂದ ಸುಮಾರು 40 ಕಿಲೋಮೀಟರ್, ಚಿಕ್ಕಮಗಳೂರಿಂದ ಹೆಚ್ಚುಕಡಿಮೆ 25. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಬಗ್ಗೆ ವಿಡಿಯೋಗಳು ಬೇಕಾದಷ್ಟಿವೆ, ಅದನ್ನ ಇಲ್ಲಿ ಬಿಡೋಣ. ಇವತ್ತು ಬರೀ ಫೋಟೋ ವಿಷಯ.

ಜಾತ್ರೆಗೆ ಹೋಗಿ ಬಂದವರ ಮೆಮೊರಿ ಕಾರ್ಡ್ ತೆಗೆದು ನೋಡಿ. ನಾನೂರು ಫೋಟೋ ಇರುತ್ತೆ, ಎಲ್ಲಾ ಒಂದೇ ಥರ. ನಡುವೆ ತೇರು, ಕೆಳಗೆ ತಲೆಗಳು, ಮೇಲೆ ಸುಣ್ಣ ಬಳಿದಂಗೆ ಬೆಳ್ಳಗಾದ ಆಕಾಶ. ಕ್ಯಾಮೆರಾದ್ದು ತಪ್ಪಿಲ್ಲ, ನಿಂತ ಜಾಗದ್ದು. ಹಗ್ಗಕ್ಕೆ ಜನ ಕೈ ಹಾಕಿದ ಮೇಲೆ ಜಾಗ ಹುಡುಕೋಕಾಗಲ್ಲ, ನೂಕಿದ ಕಡೆ ಹೋಗ್ತೀರ ಅಷ್ಟೆ. ಅದಕ್ಕೇ ಹಿಂದಿನ ದಿನ ಸಂಜೆ ಬೀದಿ ಒಂದು ಸುತ್ತು ನಡೆದು, ಮೂರು ಜಾಗ ಗುರುತು ಮಾಡ್ಕೊಳ್ಳಿ.

ಒಂದು, ಗೋಪುರದ ಎದುರು. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ರಾಜಗೋಪುರನೂ ಆ ಕಡೆನೇ. ಅಂದ್ರೆ ಬೆಳಿಗ್ಗೆ ಬಿಸಿಲು ನೇರ ಗೋಪುರದ ಮುಖಕ್ಕೆ ಬೀಳುತ್ತೆ. ಎಂಟರಿಂದ ಒಂಬತ್ತೂವರೆ ಒಳಗೆ, ಸೂರ್ಯ ನಿಮ್ಮ ಬೆನ್ನಿಗಿರೋವಾಗ, ಗೋಪುರ ಮತ್ತು ಅಲಂಕಾರ ಆಗ್ತಿರೋ ತೇರು ಎರಡೂ ಒಂದೇ ಚೌಕಟ್ಟಲ್ಲಿ ಸಿಗಬೇಕು. ಮಧ್ಯಾಹ್ನ ದಾಟಿದ್ರೆ ಗೋಪುರದ ಮುಖ ನೆರಳಿಗೆ ಹೋಗುತ್ತೆ, ಆಮೇಲೆ ಎಷ್ಟು ತಿಣುಕಿದ್ರೂ ಆ ಬಣ್ಣ ಬರಲ್ಲ.

ಇಲ್ಲಿ ಎಲ್ಲರೂ ಎಡವೋದು ದೂರದ ಲೆಕ್ಕದಲ್ಲಿ. ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದ್ರೆ ತೇರು ಹಿಂದಕ್ಕೆ ಬೀಳ್ತಿರೋ ಹಾಗೆ ಕಾಣುತ್ತೆ. ಕ್ಯಾಮೆರಾ ಮಟ್ಟವಾಗಿ ಇಟ್ರೆ ಗೆರೆಗಳು ನೆಟ್ಟಗಿರುತ್ತವೆ, ಆದ್ರೆ ಹಿಂದೆ ಸರಿಯಬೇಕು. ತೇರು 12 ಮೀಟರ್ ಎತ್ತರ ಅಂತ ಇಟ್ಕೊಳ್ಳಿ. ಫುಲ್ ಫ್ರೇಮ್ (36x24 ಎಂಎಂ ಸೆನ್ಸರ್ ಇರೋ) ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ, 24 ಎಂಎಂ ಅಗಲ ಲೆನ್ಸ್. ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿ ಹಿಡಿದ್ರೆ 14 ಮೀಟರ್ ದೂರ ಸಾಕು, ಅಡ್ಡ ಹಿಡಿದ್ರೆ 21 ಬೇಕು. ಅಷ್ಟು ಜಾಗ ಇಲ್ವಾ? ಎದುರು ಮನೆಯವರನ್ನ ಕೇಳಿ ಮೊದಲನೇ ಮಹಡಿಗೆ ಹತ್ತಿ. ಅದೇ ಎರಡನೇ ಜಾಗ. ತೇರಿನ ದಿನ ಬೆಳಿಗ್ಗೆ ಕೇಳಿದ್ರೆ ನೆಂಟರೇ ತುಂಬಿರ್ತಾರೆ, ಹಿಂದಿನ ದಿನವೇ ಕೇಳಿಡಿ.

ಮೂರನೇದು ಬೀದಿಯ ತಿರುವು. ತೇರಿಗೆ ಸ್ಟೇರಿಂಗ್ ಇಲ್ಲ, ಬ್ರೇಕೂ ಇಲ್ಲ. ಹೊರಡಿಸೋಕೆ ಹಿಂದಿನಿಂದ ಸನ್ನೆ, ಅಂದ್ರೆ ಚಕ್ರ ಮೀಟೋ ಮರದ ಕೋಲು, ಹಾಕ್ತಾರೆ, ನಿಲ್ಲಿಸೋಕೆ ಮತ್ತೆ ತಿರುಗಿಸೋಕೆ ಚಕ್ರದ ಬುಡಕ್ಕೆ ಮರದ ತುಂಡು ಕೊಡ್ತಾರೆ. ತಿರುವಲ್ಲಿ ಒಂದೊಂದು ಮೊಳ ಸರಿಸೋಕೂ ಹೊತ್ತು ಹಿಡಿಯುತ್ತೆ, ಆ ಹೊತ್ತೆಲ್ಲಾ ನಿಮ್ಮದೇ. ಆದ್ರೆ ತಿರುವಿನ ಒಳಮಗ್ಗುಲಲ್ಲಿ ನಿಲ್ಲಬೇಡಿ. ಗೋಡೆಗೂ ತೇರಿಗೂ ನಡುವೆ ಸಿಕ್ಕಿದ್ರೆ ಹೊರಗೆ ಬರೋಕೆ ದಾರಿ ಇರಲ್ಲ. ಹಗ್ಗಕ್ಕೂ ಚಕ್ರಕ್ಕೂ ಮಧ್ಯೆ ಅಂತೂ ಯಾವ ಫೋಟೋಗೂ ಕಾಲಿಡಬೇಡಿ. ಸನ್ನೆ ಹಾಕೋರು "ಸರೀರಿ" ಅಂದ್ರೆ ಕಾರಣ ಕೇಳದೆ ಸರಿಯೋದೇ.

ಈ ಶಾಟ್ ನಿಧಾನಕ್ಕೆ ನೋಡಿ. "ಗೋವಿಂದಾ" ಅಂತ ಕೂಗು ಏಳುತ್ತೆ, ಸಡಿಲಿದ್ದ ಹಗ್ಗ ಬಿಗಿಯಾಗುತ್ತೆ, ಎಳೆಯೋರೆಲ್ಲ ಹಿಂದಕ್ಕೆ ವಾಲ್ತಾರೆ, ಅಂಗಾಲು ಟಾರಿಗೆ ಒತ್ತಿರುತ್ತೆ. ಚಕ್ರ ಇನ್ನೂ ಅಲ್ಲಾಡಿಲ್ಲ. ಆ ಒಂದೆರಡು ಸೆಕೆಂಡೇ ಫೋಟೋ. ಚಕ್ರ ಉರುಳಿದ ಮೇಲೆ ಹಗ್ಗ ಮತ್ತೆ ಸಡಿಲ, ಜನರ ಮೈಯಲ್ಲೂ ಆ ಬಿಗಿ ಇರಲ್ಲ. ಅದಕ್ಕೆ ಕೂಗು ಕೇಳ್ತಿದ್ದ ಹಾಗೇ ಬರ್ಸ್ಟ್ (ಒಂದರ ಹಿಂದೊಂದು ಪಟಪಟ ಫೋಟೋ) ಶುರು ಮಾಡಿ, ಚಕ್ರ ನೋಡ್ಕೊಂಡು ಕಾಯಬೇಡಿ.

ಇನ್ನು ಬಿಸಿಲು. ಬೇಲೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮೂರನೇ ವಾರದಲ್ಲಿ ಮಧ್ಯಾಹ್ನ 12.25ರ ಸುಮಾರಿಗೆ ಸೂರ್ಯ ಬಹುತೇಕ ನೆತ್ತಿ ಮೇಲೇ ಇರ್ತಾನೆ. ಮುಂದೆ ನೋಡ್ತಿರೋರ ಕಣ್ಣುಗುಳಿ ಕಪ್ಪಾಗುತ್ತೆ, ಮೂಗಿನ ನೆರಳು ಮೀಸೆ ಮೇಲೆ. ಆದ್ರೆ ಕಳಶ ನೋಡೋಕೆ ತಲೆ ಎತ್ತಿದವರ ಮುಖಕ್ಕೆ ಅದೇ ಬಿಸಿಲು ಪೂರ್ತಿ ಬೀಳುತ್ತೆ. ತೇರು ನಿಂತಿದ್ದಾಗ ಪಕ್ಕಕ್ಕೆ ಬಂದು, ತೇರಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿ. ನಮ್ಮ ಲೆಕ್ಕದಲ್ಲಿ ಇಡೀ ದಿನದ ಒಳ್ಳೆ ಫೋಟೋಗಳು ಇರೋದು ಆ ಕಡೆನೇ.

ಬಿಸಿಲಿಗೆ ಐಎಸ್‌ಒ 200 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದು), ಎಫ್/8 (ಲೆನ್ಸ್ ಬಾಯಿ ಎಷ್ಟು ತೆರೆದಿದೆ ಅನ್ನೋದು), ಶಟರ್ 1/800 ಸೆಕೆಂಡಿಂದ ಶುರು ಮಾಡಿ. ತೇರಿನೊಳಗಿನ ಉತ್ಸವಮೂರ್ತಿ ನೆರಳಲ್ಲಿರುತ್ತೆ, ಬಿಸಿಲಿಗಿಂತ ಮೂರ್ನಾಲ್ಕು ಸ್ಟಾಪ್ ಕಮ್ಮಿ ಬೆಳಕು (ಒಂದು ಸ್ಟಾಪ್ ಇಳಿದ್ರೆ ಬೆಳಕು ಅರ್ಧ). ಎರಡೂ ಒಂದೇ ಫೋಟೋದಲ್ಲಿ ಚೆನ್ನಾಗಿ ಬರಬೇಕು ಅಂದ್ರೆ ರಾ ಫೈಲಲ್ಲಿ (ಕ್ಯಾಮೆರಾ ತಿದ್ದದೆ ಉಳಿಸೋ ಮೂಲ ಫೈಲ್) ತೆಗೆದು ಆಮೇಲೆ ಕಂಪ್ಯೂಟರಲ್ಲಿ ನೆರಳಿನ ಭಾಗ ಬೆಳಗಿಸಬೇಕು. ಮೂರ್ತಿಯೊಂದೇ ಬೇಕಾದ್ರೆ ಸ್ಪಾಟ್ ಮೀಟರಿಂಗ್ (ಒಂದು ಚುಕ್ಕೆಯಷ್ಟು ಜಾಗದ ಬೆಳಕು ಮಾತ್ರ ಅಳೆಯೋದು) ಹಾಕಿ, ಒಡವೆ ಹೊಳಪು ಸುಡದ ಹಾಗೆ ಅರ್ಧ ಸ್ಟಾಪ್ ಇಳಿಸಿ.

ಬಾಳೆಹಣ್ಣಿಗೆ ದವನ ಸಿಕ್ಕಿಸಿ ತೇರಿಗೆ ಎಸೆಯೋದನ್ನ ಎಲ್ಲರೂ ಹಿಡಿಯೋಕೆ ಹೋಗ್ತಾರೆ, ಬರೋದು ಹಳದಿ ಗೀರು. ಎಸೆದ ಹಣ್ಣು ಸೆಕೆಂಡಿಗೆ 10 ಮೀಟರ್ ಹೋಗುತ್ತೆ ಅಂದ್ಕೊಂಡ್ರೆ 1/250ರಲ್ಲಿ 4 ಸೆಂಟಿಮೀಟರ್ ಸರಿದಿರುತ್ತೆ, 1/1000ದಲ್ಲಿ ಒಂದೇ. ಇನ್ನೊಂದು ತೊಂದರೆ ಆಟೋಫೋಕಸ್‌ದು. ಅಡ್ಡ ಬಂದ ಕೈಯನ್ನೋ ಬಾವುಟವನ್ನೋ ಹಿಡ್ಕೊಂಡು ಕೂರುತ್ತೆ. ತೇರಿನ ಮರದ ಕೆತ್ತನೆಗೆ ಒಂದೇ ಪಾಯಿಂಟಲ್ಲಿ ಫೋಕಸ್ ಮಾಡಿ ಲಾಕ್ ಮಾಡಿಬಿಡಿ. ಮೊಬೈಲಲ್ಲಾದ್ರೆ ಸ್ಕ್ರೀನ್ ಒತ್ತಿ ಹಿಡಿದ್ರೆ ಲಾಕ್ ಆಗುತ್ತೆ, ಆಮೇಲೆ ಬೆಳಕು ಸ್ವಲ್ಪ ಕೆಳಗೆಳೀರಿ. ಹಾಂ, ತುಳಿದ ಬಾಳೆಹಣ್ಣಿನ ಮೇಲೆ ಕಾಲು ಜಾರುತ್ತೆ. ತಳ ಸವೆದ ಚಪ್ಪಲಿ ಬೇಡ.

ಚಕ್ರ ತಿರುಗೋದು ಕಾಣಬೇಕಾ? ಪಕ್ಕದಿಂದ, ಕುಕ್ಕರಗಾಲಲ್ಲಿ ಕೂತು, 1/15ರ ಹತ್ತಿರ ಶಟರ್. ಬಿಸಿಲಲ್ಲಿ ಐಎಸ್‌ಒ 100, ಎಫ್/16 ಇಟ್ರೂ 1/100ಕ್ಕಿಂತ ಕೆಳಗೆ ಹೋಗಲ್ಲ, ಎನ್‌ಡಿ8 ಫಿಲ್ಟರ್ (ಬೆಳಕನ್ನ ಎಂಟನೇ ಒಂದು ಭಾಗಕ್ಕೆ ಇಳಿಸೋ ಕಪ್ಪು ಗಾಜು) ಹಾಕಿದ್ರೆ ಸರಿಹೋಗುತ್ತೆ. ಮರದ ತುಂಡು ಕೊಡೋರ ಪಾದ ಸ್ಪಷ್ಟ, ಚಕ್ರದ ಅಂಚು ಮಾತ್ರ ಕಲಸಿದ ಹಾಗೆ, ಅಷ್ಟು ಬಂದ್ರೆ ಸಾಕು.

ತೇರು ಹೋಗೋ ಬೀದಿಗಳಲ್ಲಿ ತಂತಿ ತಗಲದಿರಲಿ ಅಂತ ಕರೆಂಟ್ ತೆಗೀತಾರೆ, ಬ್ಯಾಟರಿ ರಾತ್ರಿಯೇ ತುಂಬಿಸಿಡಿ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದ್ರೂ ಬಂತು, ಒಂದು ದಪ್ಪ ಪ್ಲಾಸ್ಟಿಕ್ ಕವರ್, ಒಂದು ರಬ್ಬರ್ ಬ್ಯಾಂಡ್ ಬ್ಯಾಗಲ್ಲಿರಲಿ. ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅನುಮತಿ ಇಲ್ಲದೆ ಟ್ರೈಪಾಡ್, ಡ್ರೋನ್ ಎರಡೂ ತರಬೇಡಿ.

ಸಂಜೆ ಅಂಗಡಿ ಸಾಲಿಗೆ ಬಂದ್ರೆ ಕಡ್ಲೆಪುರಿ ರಾಶಿ, ಬೆಂಡು ಬತ್ತಾಸು, ಬಳೆ, ಎಲ್ಲದರ ಮೇಲೂ ಅಗ್ಗದ ಎಲ್‌ಇಡಿ ಬಲ್ಬು. ಫೋಟೋ ಮೇಲೆ ಕಪ್ಪು ಪಟ್ಟೆ ಬರೋದು ಅವುಗಳಿಂದ. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತೆ. ಫೋಟೋಗೆ 1/100, ವಿಡಿಯೋಗೆ 1/50 ಇಡಿ. ಸೀರಿಯಲ್ ಸೆಟ್ ಮಾತ್ರ ಇದಕ್ಕೂ ಬಗ್ಗಲ್ಲ, ಅದನ್ನ ಚೌಕಟ್ಟಿಂದ ಆಚೆ ಇಡಿ.